ಮಳೆ ಮುಗಿದ ಮೇಲೆ ಬಂದ ರೇನ್‌ಕೋಟು

ಮಳೆಗಾಲ ಅಂದ್ರೆ ನನಗೆ ಮೊದಲು ನೆನಪಾಗುವುದು ನಮ್ಮನೆ ಬಚ್ಚಲ ಒಲೆ. ಅಪ್ಪಯ್ಯ ಪೊಲೀಸ್ ಇಲಾಖೆಯಲ್ಲಿದ್ದರು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದರು. ಸೇವೆಯೆಲ್ಲ ಮಲೆನಾಡಿನ ಠಾಣೆಗಳಲ್ಲೇ ಕಳೆಯಿತು. ರಾತ್ರಿ ಬೀಟ್ ಮುಗಿಸಿ ಬಂದರೆ ಅವರ ಖಾಕಿ ಪ್ಯಾಂಟು, ಶರ್ಟು, ಆ ಅಗಲ ಅಂಚಿನ ಟೋಪಿ ಎಲ್ಲ ಒಲೆ ಮೇಲಿನ ತಂತಿಯಲ್ಲಿ ನೇತಾಡುತ್ತಿದ್ದವು. ಬೆಳಗ್ಗೆ ಮತ್ತೆ ಅದನ್ನೇ ಹಾಕಿಕೊಂಡು ಹೊರಡಬೇಕು. ಅಮ್ಮ ಎಷ್ಟು ಇಸ್ತ್ರಿ ಹಾಕಿದರೂ ಹೊಗೆ ವಾಸನೆ ಹೋಗುತ್ತಿರಲಿಲ್ಲ.

ರೇನ್‌ಕೋಟು ಕೊಡ್ತಿರಲಿಲ್ವಾ ಅಂತ ನೀವು ಕೇಳಬಹುದು. ಕೊಡ್ತಿದ್ದರು. ಒಂದು ವರ್ಷ ಅಪ್ಪಯ್ಯನ ಹಳೇ ಕೋಟು ಹರಿದು, ಹೊಸದು ಬೇಕು ಅಂತ ಮೇ ತಿಂಗಳಲ್ಲೇ ಠಾಣೆಯಿಂದ ಇಂಡೆಂಟ್, ಅಂದ್ರೆ ಬೇಡಿಕೆ ಪತ್ರ, ಹೋಗಿತ್ತು. ಆರಿದ್ರಾ ಮಳೆ ಹೋಯಿತು, ಪುನರ್ವಸು ಹೋಯಿತು, ಆಶ್ಲೇಷಾ ಹೋಯಿತು. ಅಷ್ಟೂ ದಿನ ಅಪ್ಪಯ್ಯ ರಾತ್ರಿ ಪಾಳಿಗೆ ಅಜ್ಜನ ಕಂಬಳಿ ಕೊಪ್ಪೆ ಹಾಕಿಕೊಂಡು ಹೋದರು. ಗಣಪತಿ ಮೆರವಣಿಗೆ ಬಂದೋಬಸ್ತೂ ಮುಗಿದ ಮೇಲೆ ಕೋಟುಗಳ ಮೂಟೆ ಬಂತು. ಎಲ್ಲವೂ ಒಂದೇ ಅಳತೆ. ಅಪ್ಪಯ್ಯ ಎತ್ತರದ ಆಳು, ತೋಳು ಮೊಣಕೈಗಿಂತ ಸ್ವಲ್ಪ ಕೆಳಗೆ ನಿಂತಿತ್ತು. ಭುಜದ ಹೊಲಿಗೆ ಮೇಲೆ ನೀರು ಇಳಿಯದಂತೆ ಅಂಟಿಸಿದ್ದ ಪಟ್ಟಿಯನ್ನು ನಾನು ಉಗುರಲ್ಲಿ ಸ್ವಲ್ಪ ಕೆರೆದೆ ಅಷ್ಟೇ, ಉದ್ದಕ್ಕೂ ಕಿತ್ತು ಕೈಗೆ ಬಂತು. ಆದರೆ ಸ್ಟಾಕ್ ರಿಜಿಸ್ಟರ್‌ನಲ್ಲಿ ಮಾಲು ಸರಿಯಾಗಿದೆ ಅಂತ ಸಹಿ ಬಿದ್ದಿತ್ತು. ಸಹಿ ಹಾಕಿದವರು ಆ ಕೋಟು ತೊಟ್ಟು ಒಂದು ದಿನವೂ ಮಳೆಯಲ್ಲಿ ನಿಂತವರಲ್ಲ.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀನಿ ಅಂದ್ರೆ, ಪೊಲೀಸ್ ಖರೀದಿ ಅಂದ ಕೂಡಲೇ ನಾವು ಮಾತಾಡೋದು ದೊಡ್ಡ ದೊಡ್ಡ ಟೆಂಡರ್ ಬಗ್ಗೆ, ಯಾರು ಎಷ್ಟು ತಿಂದರು ಅನ್ನೋದರ ಬಗ್ಗೆ. ಅದೂ ಬೇಕು, ಬೇಡ ಅನ್ನಲ್ಲ. ಆದರೆ ಕೋಟು, ಬೂಟು, ಟಾರ್ಚು, ಜೀಪಿನ ಟಯರು, ವಾಕಿಟಾಕಿ ಬ್ಯಾಟರಿ, ಪ್ರಿಂಟರ್ ಕಾರ್ಟ್ರಿಡ್ಜ್, ಠಾಣೆಯ ಸಿಸಿಟಿವಿ ಕ್ಯಾಮೆರಾಗಳ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ), ಇವು ಪ್ರತಿವರ್ಷ ಬರುವ ಖರ್ಚು. ಯಾವ ಒಪ್ಪಂದ ಯಾವತ್ತು ಮುಗಿಯುತ್ತೆ ಅನ್ನೋದು ಸಹಿ ಹಾಕಿದ ದಿನವೇ ಗೊತ್ತಿರುತ್ತೆ. ಆದರೂ ಮುಗಿದ ಮೇಲೇ ಕಡತ ಏಳುತ್ತದೆ. ಆ ತಾರೀಕು ನೆನಪಿಟ್ಟುಕೊಳ್ಳುವ ಹೊಣೆ ಯಾರ ತಲೆ ಮೇಲೂ ಇಲ್ಲದಿರುವುದೇ ರೋಗದ ಮೂಲ ಅಂತ ನನ್ನ ಅನಿಸಿಕೆ.

ಕಾನೂನು ಇಲ್ಲ ಅಂತಲ್ಲ. ನಮ್ಮ ರಾಜ್ಯದಲ್ಲಿ ಸರ್ಕಾರಿ ಖರೀದಿಗೆ ಅಂತಲೇ 1999ರ ಪಾರದರ್ಶಕತೆ ಕಾಯ್ದೆ ಇದೆ, ಎಲ್ಲರೂ ಕೆಟಿಪಿಪಿ ಅಂತಾರಲ್ಲ, ಅದು. ಟೆಂಡರ್ ಎಲ್ಲ ಆನ್‌ಲೈನ್ ಆಗಿ ಎಷ್ಟೋ ವರ್ಷವಾಯಿತು. ಅದೇ ಕಾಯ್ದೆಯ 4ನೇ ಕಲಮು ಪ್ರಕೃತಿ ವಿಕೋಪ, ಸರ್ಕಾರ ಘೋಷಿಸಿದ ತುರ್ತು ಪರಿಸ್ಥಿತಿ ಇಂಥ ಹೊತ್ತಲ್ಲಿ ವಿನಾಯಿತಿ ಕೊಡುತ್ತದೆ. ಅದು ಸರಿಯೇ, ಗುಡ್ಡ ಕುಸಿದಾಗ ಟೆಂಡರ್ ಕರೆದು ಕೂರೋಕಾಗಲ್ಲ. ಆದರೆ ಜೂನ್ ತಿಂಗಳ ಮಳೆ ತುರ್ತು ಹೇಗಾಗುತ್ತೆ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ, ನಮ್ಮ ಅಜ್ಜಂದಿರ ಕಾಲದಿಂದಲೂ ಸುರಿಯುತ್ತಿದೆ.

ನಮ್ಮ ಅಡಿಕೆ ಬೆಳೆಗಾರರನ್ನೇ ನೋಡಿ. ಕೊಳೆರೋಗ ಬಂದ ಮೇಲೆ ಮೈಲುತುತ್ತ ತರೋಕೆ ಯಾರಾದರೂ ಪೇಟೆಗೆ ಹೋಗ್ತಾರಾ? ಮಳೆ ಹಿಡಿಯುವ ಮೊದಲೇ ಸುಣ್ಣ, ಮೈಲುತುತ್ತ ಮನೆಗೆ ಬಂದಿರುತ್ತೆ, ಔಷಧಿ ಹೊಡೆಯುವವನಿಗೂ ಮೊದಲೇ ಹೇಳಿಟ್ಟಿರ್ತೀವಿ. ಪೊಲೀಸರ ರೇನ್‌ಕೋಟಿಗೂ ಹಾಗೇ, ಬೇಕಾದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಮೇ ಮಧ್ಯಕ್ಕೆ ಕೋಟು ಕೈಗೆ ಸಿಗಬೇಕಾದರೆ ಏಪ್ರಿಲ್‌ನಲ್ಲಿ ಮಾಲು ಬಂದು ಪರೀಕ್ಷೆ ಆಗಬೇಕು. ಅದಕ್ಕೂ ಮೊದಲು ಟೆಂಡರು, ದರ ತೀರ್ಮಾನ, ಸ್ಯಾಂಪಲ್. ಅಂದರೆ ಚಳಿಗಾಲದಲ್ಲಿ ನಾವು ಅಡಿಕೆ ಗೊನೆ ಕೊಯ್ಯುವ ಹೊತ್ತಿಗೆ ಅವರ ಅಳತೆ ಪಟ್ಟಿ ಜಿಲ್ಲಾ ಕಚೇರಿ ತಲುಪಿರಬೇಕು. ಅನುದಾನ ತಡವಾಗಿ ಬರುತ್ತೆ ಅಂತಾರೆ. ನಿಜ, ಬರುತ್ತೆ. ಆದರೆ ಎಷ್ಟು ಜನ, ಯಾರದು ಯಾವ ಅಳತೆ, ಯಾವ ಬಟ್ಟೆ ಅಂತ ಬರೆದಿಡೋಕೆ ಅನುದಾನ ಬೇಕಾಗಲ್ಲ. ಅದು ಮೊದಲೇ ತಯಾರಿಲ್ಲದ್ದಕ್ಕೇ ಮಾರ್ಚ್ ಕೊನೇ ವಾರದಲ್ಲಿ ದುಡ್ಡು ವಾಪಸ್ ಹೋಗುತ್ತೆ ಅಂತ ಸಿಕ್ಕಿದ್ದನ್ನು ಕೊಳ್ಳೋದು. ಆರ್ಥಿಕ ವರ್ಷದ ಕೊನೆಗೆ ಹೀಗೆ ಖರ್ಚಿಗೆ ಮುಗಿಬೀಳುವುದು ತಪ್ಪು ಅಂತ ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳೇ ಹೇಳುತ್ತವೆ.

ಕೋಟು ಒದ್ದೆಯಾದರೆ ಪೊಲೀಸರಿಗೆ ತೊಂದರೆ. ಕ್ಯಾಮೆರಾ ಕೆಟ್ಟರೆ ತೊಂದರೆ ನಮಗೆ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಲೇಬೇಕು, ಲಾಕಪ್ಪಲ್ಲೂ ಇರಬೇಕು, ರೆಕಾರ್ಡಿಂಗ್ 18 ತಿಂಗಳು ಉಳಿಯಬೇಕು, ಅಷ್ಟು ಉಳಿಸುವ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕಂತೂ ಕಡಿಮೆಯಾಗಬಾರದು ಅಂತ ಹೇಳಿತು. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ಕೂಡಲೇ ಜಿಲ್ಲಾ ಮೇಲುಸ್ತುವಾರಿ ಸಮಿತಿಗೆ ತಿಳಿಸಬೇಕು. ಆ ಸಮಿತಿಯಲ್ಲಿ ಎಸ್‌ಪಿ ಒಬ್ಬರೇ ಅಲ್ಲ, ಡಿಸಿಯೂ ಇರಬೇಕು. ಇಷ್ಟಾದರೂ 2025ರ ಸೆಪ್ಟೆಂಬರ್‌ನಲ್ಲಿ, ರಾಜಸ್ಥಾನದಲ್ಲಿ ಪೊಲೀಸ್ ವಶದಲ್ಲಿದ್ದವರ ಸಾವಿನ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿ ನೋಡಿ, ಕೆಲಸ ಮಾಡುವ ಕ್ಯಾಮೆರಾಗಳೇ ಇಲ್ಲ ಅಂತ ಕೋರ್ಟು ತಾನಾಗೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು.

ನಮ್ಮ ಕಡೆ ಸಿಡಿಲು ಹೇಗಿರುತ್ತೆ, ಕರೆಂಟು ಎಷ್ಟು ಹೊತ್ತು ಹೋಗುತ್ತೆ ನಿಮಗೆಲ್ಲ ಗೊತ್ತು. ಯುಪಿಎಸ್ ಬ್ಯಾಟರಿ ಸತ್ತರೆ ಕ್ಯಾಮೆರಾನೂ ಸತ್ತ ಹಾಗೆ. ಎಎಂಸಿ ಮುಗಿದು ಎರಡು ತಿಂಗಳು ಯಾರೂ ನೋಡದಿದ್ದರೆ, ಆ ಎರಡು ತಿಂಗಳು ಲಾಕಪ್ಪಲ್ಲಿ ಏನಾಯಿತು ಅನ್ನೋದಕ್ಕೆ ಸಾಕ್ಷಿ ಇರಲ್ಲ. ಹೊಡೆತ ತಿಂದವನಿಗೂ ಸಾಕ್ಷಿ ಇಲ್ಲ, ಹೊಡೆಯದೇ ಆರೋಪ ಹೊತ್ತ ಪೇದೆಗೂ ಇಲ್ಲ.

ಕಳೆದ ವರ್ಷ ಅಕ್ಟೋಬರ್ 28ಕ್ಕೆ, ಅಂದರೆ 2025ರಲ್ಲಿ, ಕಾನ್‌ಸ್ಟೇಬಲ್‌ಗಳಿಗೆ ಹಳೇ ಟೋಪಿ ಬದಲು ನೀಲಿ ಪೀಕ್ ಕ್ಯಾಪ್ ಬಂತು. ಟಿವಿಯಲ್ಲಿ ನೋಡಿ ಅಪ್ಪಯ್ಯ ತುಂಬಾ ಖುಷಿಪಟ್ಟರು. ಆಮೇಲೆ ಒಂದು ಮಾತು ಕೇಳಿದರು: "ಇದು ಹಾಳಾದ್ಮೇಲೆ ಇನ್ನೊಂದು ಯಾವಾಗ ಕೊಡ್ತಾರಂತೆ ಮಾರಾಯ, ಅದನ್ನೇನಾದ್ರೂ ಹೇಳಿದ್ರಾ?"

ಆ ಮಾತು ತಲೆಯಲ್ಲೇ ಉಳಿಯಿತು. ಮೊನ್ನೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದ್ದೀನಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಮುಗಿಸಬೇಕು, ಹಾಗಾಗಿ ಮೂರೇ ಪ್ರಶ್ನೆ ಬರೆದೆ. ಜಿಲ್ಲೆಯ ಠಾಣೆಗಳ ಕ್ಯಾಮೆರಾ ಎಎಂಸಿ ಯಾವ ತಾರೀಕಿಗೆ ಮುಗಿಯುತ್ತದೆ? ಮೇಲುಸ್ತುವಾರಿ ಸಮಿತಿ ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಸಭೆ ಸೇರಿದೆ? ಮುಂದಿನ ಎಎಂಸಿಯ ಕಡತ ಶುರುವಾಗಿದೆಯೇ? ಉತ್ತರಕ್ಕೆ 30 ದಿನ ಸಮಯ ಇದೆ. ಬಂದ ಕೂಡಲೇ ಇಲ್ಲೇ ಹಾಕ್ತೀನಿ.