ಮುಂದಿನ ಬ್ರೇಕನ್ನು ಮುಟ್ಟಬೇಡ ಎನ್ನುವವರಿಗೆ

ಇಂದು ಬೆಳಿಗ್ಗೆ ಮೈದಾನದಲ್ಲಿ ಕಂಡದ್ದರಿಂದ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಆದ್ದರಿಂದ ಈ ಬರಹ ಉದ್ದವಾಗುತ್ತದೆ, ಸ್ನೇಹಿತರು ಸಹಿಸಿಕೊಳ್ಳಬೇಕು. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರದ ಹೊಸ ಬೈಕಿನ ಮೇಲೆ ಹತ್ತೊಂಬತ್ತರ ಆಸುಪಾಸಿನ ಹುಡುಗನೊಬ್ಬ ಕುಳಿತಿದ್ದ. ಅವನ ಎರಡೂ ಪಾದಗಳ ತುದಿಬೆರಳುಗಳು ಮಾತ್ರ ನೆಲಕ್ಕೆ ತಾಗುತ್ತಿದ್ದವು. ಅವನ ಸೋದರಮಾವ ಹಿಂದೆಯೇ ಓಡುತ್ತಾ, "ಮುಂದಿನ ಬ್ರೇಕ್ ಮುಟ್ಟಬೇಡ, ಮುಟ್ಟಬೇಡ" ಎಂದು ಒಂದೇ ಸಮನೆ ಕೂಗುತ್ತಿದ್ದರು. ನಾಯಿಯೊಂದು ಅಡ್ಡ ಬಂತು. ಗಾಬರಿಯಾದಾಗ ಕೈ ತಾನಾಗಿ ಮುಷ್ಟಿ ಕಟ್ಟುತ್ತದೆ. ಹ್ಯಾಂಡಲ್ ಬಲಕ್ಕೆ ತಿರುಗಿದ್ದಾಗಲೇ ಅವನು ಮುಂದಿನ ಬ್ರೇಕಿನ ಲಿವರನ್ನು ಒಮ್ಮೆಗೇ ಪೂರ್ತಿ ಹಿಡಿದುಬಿಟ್ಟ, ಬೈಕು ಬಲಕ್ಕೆ ಮಗುಚಿತು, ಲಿವರ್ ಮುರಿಯಿತು, ಬಿಸಿ ಸೈಲೆನ್ಸರಿಗೆ ತಾಗಿ ಅವನ ಮೀನಖಂಡದ ಮೇಲೆ ಅಂಗೈಯಷ್ಟು ಚರ್ಮ ಸುಲಿಯಿತು. ಮಾವ ಬಂದವರೇ ಮೊದಲು ಹೇಳಿದ ಮಾತು: "ನಾನು ಹೇಳಲಿಲ್ಲವೇನೋ, ಮುಟ್ಟಬೇಡ ಅಂತ?"

ಆ ಹುಡುಗ ಬಿದ್ದದ್ದು ಮುಂದಿನ ಬ್ರೇಕನ್ನು ಮುಟ್ಟಿದ್ದಕ್ಕಲ್ಲ. ಅದನ್ನು ಹೇಗೆ ಮುಟ್ಟಬೇಕೆಂದು ಅವನ ಕೈಗೆ ಯಾರೂ ಕಲಿಸಿರಲಿಲ್ಲ, ಅದಕ್ಕೆ ಬಿದ್ದ. ಬೈಕು ನಿಧಾನವಾಗುವಾಗ ಅದರ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಮುಂದಿನ ಚಕ್ರವನ್ನು ಹಿಡಿದಿರುವ ಸ್ಪ್ರಿಂಗಿನ ಕವಲು, ಅಂದರೆ ಫೋರ್ಕ್, ಕೆಳಕ್ಕೆ ಕುಗ್ಗುತ್ತದೆ, ಮುಂದಿನ ಟೈರು ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತದೆ. ಅದೇ ಹೊತ್ತಿಗೆ ಹಿಂದಿನ ಟೈರು ಹಗುರವಾಗುವುದರಿಂದ ಅದರ ಬ್ರೇಕನ್ನು ಒತ್ತಿದಷ್ಟೂ ಚಕ್ರ ಸುತ್ತುವುದು ನಿಂತು ಜಾರತೊಡಗುತ್ತದೆಯೇ ಹೊರತು ಬೈಕು ಬೇಗ ನಿಲ್ಲುವುದಿಲ್ಲ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ನಿಲ್ಲಿಸುವಾಗ ಕೆಲಸದ ಬಹುಪಾಲನ್ನು ಮುಂದಿನ ಬ್ರೇಕೇ ಮಾಡುತ್ತದೆ. ಆದರೆ ಭಾರ ಮುಂದಕ್ಕೆ ಬರಲು ಒಂದು ಕ್ಷಣ ಬೇಕು, ಆ ಕ್ಷಣವನ್ನು ಕೊಡದೆ ಲಿವರನ್ನು ಸೆಳೆದರೆ ಮುಂದಿನ ಚಕ್ರವೂ ಜಾರುತ್ತದೆ. ಒದ್ದೆ ಬಟ್ಟೆಯನ್ನು ಹಿಂಡುವಂತೆ ಮೊದಲು ಮೆಲ್ಲಗೆ, ಆಮೇಲೆ ಬಲವಾಗಿ ಹಿಂಡಬೇಕು, ಹ್ಯಾಂಡಲ್ ನೇರವಾಗಿರಬೇಕು. ಇದನ್ನು ಹೇಳಲು ಎರಡು ನಿಮಿಷ ಸಾಕು, ಕೈಗೆ ಹತ್ತಲು ಕೆಲವು ಬೆಳಗುಗಳ ಅಭ್ಯಾಸ ಬೇಕು. ಆ ಕೆಲವು ಬೆಳಗುಗಳನ್ನು ಕೊಡಲಾರದೆ ನಾವು "ಮುಟ್ಟಬೇಡ" ಎಂಬ ಒಂದೇ ಪದದಲ್ಲಿ ಕಲಿಕೆಯನ್ನು ಮುಗಿಸಿಬಿಡುತ್ತೇವೆ.

ಇದು ಹೊಸ ವಿಚಾರವೇನೂ ಅಲ್ಲ. 1981ರಲ್ಲಿ ಪ್ರಕಟವಾದ ಹ್ಯಾರಿ ಹರ್ಟ್ ಅವರ ತಂಡದ ಅಧ್ಯಯನವು ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿತ್ತು. ಆ ಸವಾರರಲ್ಲಿ ಶೇಕಡಾ 92ರಷ್ಟು ಮಂದಿ ಯಾವ ತರಬೇತಿಯನ್ನೂ ಪಡೆದವರಲ್ಲ, ತಾವಾಗಿಯೋ ಮನೆಯವರಿಂದಲೋ ಗೆಳೆಯರಿಂದಲೋ ಕಲಿತವರು. ಅಪಾಯ ಎದುರಾದಾಗ ಅವರಲ್ಲಿ ಹೆಚ್ಚಿನವರು ಹಿಂದಿನ ಚಕ್ರ ಜಾರುವಷ್ಟು ಹಿಂದಿನ ಬ್ರೇಕನ್ನು ತುಳಿದು, ಮುಂದಿನ ಬ್ರೇಕನ್ನು ಸಾಕಷ್ಟು ಬಳಸಿರಲಿಲ್ಲ. ಇಷ್ಟು ವರ್ಷಗಳಾದರೂ ಮಾವಂದಿರು, ಅಣ್ಣಂದಿರು ಅದೇ ತಪ್ಪನ್ನು ಪಾಠವೆಂದು ಕಲಿಸುತ್ತಿದ್ದಾರೆ.

ಅಣ್ಣಂದಿರು ಎಂದೆನಲ್ಲ, ಅವರಲ್ಲಿ ನಾನೂ ಒಬ್ಬ. ನನ್ನ ತಂಗಿಗೆ ಬೈಕು ಕಲಿಸಿದವನು ನಾನೇ, "ಮುಂದಿನ ಬ್ರೇಕಿನ ಗೊಡವೆಗೆ ಹೋಗಬೇಡ ಪುಟ್ಟಿ, ಕಾಲಿನ ಬ್ರೇಕ್ ಸಾಕು" ಎಂದು ಹೇಳಿದವನೂ ನಾನೇ. ಅವಳು ಆ ಮಾತನ್ನು ಅಕ್ಷರಶಃ ಪಾಲಿಸಿದಳು. ಮುಂದಿದ್ದ ಕಾರು ತಟ್ಟನೆ ನಿಂತ ದಿನ ಕಾಲಿನ ಬ್ರೇಕನ್ನು ಪೂರ್ತಿ ತುಳಿದು, ಹಿಂದಿನ ಚಕ್ರ ಜಾರುತ್ತಾ ಜಾರುತ್ತಾ ಹೋಗಿ ಆ ಕಾರಿಗೆ ಗುದ್ದಿ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ನೀನು ಹೇಳಿದ ಹಾಗೇ ಮಾಡಿದೆನಲ್ಲಣ್ಣಾ" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ನಿಜವಾದ ಗೊಂದಲ ಇತ್ತು. ಇಂದು ಬೆಳಿಗ್ಗೆ ನನಗೆ ಸಿಟ್ಟು ಬಂದದ್ದು ಆ ಮಾವನ ಮೇಲೆ ಎಷ್ಟೋ, ಅಂದಿನ ನನ್ನ ಮೇಲೂ ಅಷ್ಟೇ.

ಬೈಕನ್ನು ಆರಿಸುವಾಗಲೂ ಇದೇ ಕಥೆ. ಎಷ್ಟು ಸಿಸಿ, ಎಷ್ಟು ವೇಗ, ಯಾವ ಬಣ್ಣ ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ, ಕಲಿಯುವವನಿಗೆ ಅದನ್ನು ನಿಲ್ಲಿಸಲು ಬರುತ್ತದೆಯೇ ಎಂದು ಒಬ್ಬರೂ ಕೇಳುವುದಿಲ್ಲ. ಮೊದಲ ಬೈಕನ್ನು ಕೊಳ್ಳುವ ಮುನ್ನ ಅದರ ಮೇಲೆ ಕುಳಿತು ಎರಡೂ ಪಾದಗಳು ನೆಲದ ಮೇಲೆ ಪೂರ್ತಿಯಾಗಿ ಊರುತ್ತವೆಯೇ ನೋಡಿ. ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿಟ್ಟು, ಪಕ್ಕದಲ್ಲಿ ನಡೆಯುತ್ತಾ ಎಂಟರ ಆಕಾರದಲ್ಲಿ ತಳ್ಳಿಕೊಂಡು ಹೋಗಿ. ಎರಡನೆಯ ಸುತ್ತಿಗೇ ತೋಳು ನಡುಗಿದರೆ ಆ ಬೈಕು ಸದ್ಯಕ್ಕೆ ನಿಮ್ಮದಲ್ಲ. ಆಕ್ಸಿಲರೇಟರನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮುಂದಕ್ಕೆ ಜಿಗಿಯುವ ಎಂಜಿನ್ ಬೇಡ. ಎಬಿಎಸ್ ಇದ್ದರೆ ಒಳ್ಳೆಯದು, ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಸುತ್ತುವುದು ನಿಂತು ಜಾರದಂತೆ ಅದು ತಡೆಯುತ್ತದೆ. ಈ ತಂತ್ರಜ್ಞಾನ 1988ರಲ್ಲೇ ಬಿಎಂಡಬ್ಲ್ಯುವಿನ ಕೆ100 ಬೈಕಿಗೆ ಬಂದಿತ್ತು. ಆದರೆ ಬ್ರೇಕನ್ನೇ ಹಿಡಿಯದ ಕೈಗೆ ಎಬಿಎಸ್ ಏನೂ ಮಾಡಲಾರದು. ಹೆಲ್ಮೆಟ್ ವಿಷಯದಲ್ಲಿ ವಾದವೇ ಬೇಡ. ಅಪಘಾತಕ್ಕೆ ಸಿಕ್ಕವರಲ್ಲಿ ಅದು ಸಾವಿನ ಅಪಾಯವನ್ನು ಸುಮಾರು ಶೇಕಡಾ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯವನ್ನು ಶೇಕಡಾ 69ರಷ್ಟು ತಗ್ಗಿಸುತ್ತದೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ.

"ನಾವೆಲ್ಲ ಹಾಗೇ ಕಲಿತೆವು, ಓಡಿಸುತ್ತಾ ಓಡಿಸುತ್ತಾ ತಾನಾಗಿ ಬರುತ್ತದೆ" ಎಂದು ಕೆಲವರು ಇಲ್ಲಿ ಬರೆಯುತ್ತೀರಿ, ಅದು ನನಗೆ ಗೊತ್ತು. ಓಡಿಸುವುದು ತಾನಾಗಿ ಬರುತ್ತದೆ, ನಿಜ. ಗಟ್ಟಿಯಾಗಿ ಬ್ರೇಕ್ ಹಿಡಿಯುವುದು ಬರುವುದಿಲ್ಲ, ಏಕೆಂದರೆ ದಿನನಿತ್ಯದ ಸವಾರಿಯಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಅಗತ್ಯ ಬೀಳುವ ದಿನ ಕಲಿಯಲು ಸಮಯವಿರುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಸಾಗುತ್ತದೆ, ಅಂದರೆ ಅಪಾಯ ಕಂಡು ಕೈ ಲಿವರಿಗೆ ಹೋಗುವಷ್ಟರಲ್ಲೇ ಅಷ್ಟು ದಾರಿ ಮುಗಿದಿರುತ್ತದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವೂ 30ರ ವೇಗದಲ್ಲಿ ಬೇಕಾಗುವುದರ ನಾಲ್ಕು ಪಟ್ಟು. ಹಾಗೇ ಕಲಿತು ನೆಟ್ಟಗಿರುವವರು ಮಾತ್ರ ಇಂದು ಈ ಮಾತನ್ನು ಹೇಳಲು ಉಳಿದಿದ್ದಾರೆ, ಉಳಿಯದವರ ಮಾತನ್ನು ನಾವು ಯಾರೂ ಕೇಳಿಲ್ಲ.

ಮಾವ ಬೈಕನ್ನು ತಳ್ಳಿಕೊಂಡು ಗ್ಯಾರೇಜಿನ ಕಡೆ ಹೊರಟ ಮೇಲೆ ಆ ಹುಡುಗ ಕುಂಟುತ್ತಾ ನನ್ನ ಬಳಿ ಬಂದ. ಅವನ ಸುಟ್ಟ ಗಾಯಕ್ಕೆ ತಣ್ಣೀರು ಹಾಕುತ್ತಲೇ ನಾನು ನನ್ನ ಬೈಕಿನ ಸೆಂಟರ್ ಸ್ಟ್ಯಾಂಡ್ ಹಾಕಿ ಅವನನ್ನು ಕೂರಿಸಿ ಲಿವರ್ ಹಿಡಿಯಲು ಹೇಳಿದೆ. ಮೊದಲ ಸಲ ಮುಷ್ಟಿ ಕಟ್ಟಿದ. ಹತ್ತನೆಯ ಸಲಕ್ಕೆ ಬೆರಳುಗಳು ಒಂದೊಂದಾಗಿ ಬಿಗಿಯತೊಡಗಿದವು. "ಎರಡು ಬೆರಳಲ್ಲಿ ಹಿಡೀಬೇಕಾ, ನಾಲ್ಕರಲ್ಲಾ ಅಂಕಲ್?" ಎಂದು ಕೇಳಿದ. ಸದ್ಯಕ್ಕೆ ನಾಲ್ಕರಲ್ಲೂ ಹಿಡಿ ಎಂದೆ. ಗಾಯ ಮಾಗಿ, ಹೊಸ ಲಿವರ್ ಹಾಕಿಸಿದ ಮೇಲೆ ಬೆಳಿಗ್ಗೆ ಆರೂವರೆಗೆ ಬರುತ್ತಾನಂತೆ. ಗಂಟೆಗೆ 20ರ ವೇಗದಿಂದ ಶುರು ಮಾಡುತ್ತೇವೆ. ಮಾವನನ್ನೂ ಕರೆದುಕೊಂಡು ಬಾ ಎಂದಿದ್ದೇನೆ.