ನಿಂತ ಕಾರಿನ ಹಸಿವು

ನಮ್ಮ ಮನೆಯಲ್ಲಿ ವಾರಕ್ಕೆ ಒಂದೇ ದಿನ ದುಡಿಯುವ ಸದಸ್ಯನೆಂದರೆ ಕಾರು. ಮುಂಬಯಿ ಬಳಿಯ ಡೊಂಬಿವಲಿಯಿಂದ ಕಚೇರಿಗೆ ಹೋಗುವವನು ಕಾರಿನಲ್ಲಿ ಹೊರಟರೆ ತಲುಪುವಷ್ಟರಲ್ಲಿ ಊಟದ ಬಿಡುವಾಗಿರುತ್ತದೆಯಾದ್ದರಿಂದ, ಸೋಮವಾರದಿಂದ ಶನಿವಾರದವರೆಗೆ ನಾನು ಲೋಕಲ್ ರೈಲಿನ ಬಾಗಿಲಿಗೆ ಜೋತುಬಿದ್ದಿರುತ್ತೇನೆ. ಕಾರು ಕಟ್ಟಡದಡಿಯ ಕಂಬಗಳ ನಡುವೆ ಲಿಫ್ಟಿಗೆ ಮುಖ ಮಾಡಿ ತಪಸ್ಸಿಗೆ ಕುಳಿತಿರುತ್ತದೆ. ಭಾನುವಾರ ಮಧ್ಯ ರೈಲ್ವೆಯವರು ಹಳಿ ಮತ್ತು ಸಿಗ್ನಲ್ಲುಗಳ ದುರಸ್ತಿಗಾಗಿ ರೈಲುಗಳನ್ನು ಕೆಲವು ಗಂಟೆ ತಡೆಯುವ ಮೆಗಾ ಬ್ಲಾಕ್ ಸಾರಿದಾಗ ಅದರ ತಪಸ್ಸು ಮುಗಿಯುತ್ತದೆ. ಅಂದು ನಾವು ಮಾಟುಂಗಾಕ್ಕೆ ಹೋಗಿ, ಕನ್ನಡಿಗರ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮವಿದ್ದರೆ ಕುಳಿತು ಕೇಳಿ, ಬರುವಾಗ ಬಾಳೆಯೆಲೆ, ಬೂದುಗುಂಬಳ, ಕಾಫಿಪುಡಿಗಳನ್ನು ಡಿಕ್ಕಿಗೆ ತುಂಬಿಕೊಂಡು ಮರಳುವುದು ವಾಡಿಕೆ. ಒಮ್ಮೆ ಯಾರೋ ಮುಂದಿನ ಬಂಪರಿಗೆ ಗೀರು ಎಳೆದುಹೋದ ಮೇಲೆ ಗಾಜಿನ ಒಳಗೆ ಒಂದು ಕ್ಯಾಮೆರಾವನ್ನೂ ಹಾಕಿಸಿದ್ದರಿಂದ ಕಳ್ಳಕಾಕರ ಚಿಂತೆಯೂ ಇರಲಿಲ್ಲ.

ಇಂಥ ಒಂದು ಭಾನುವಾರ, ಮಡದಿ ರೇಷ್ಮೆ ಸೀರೆಯುಟ್ಟು, ಮಗಳು ಮೊಬೈಲಿನಿಂದ ಕಣ್ಣೆತ್ತಿ, ಇಬ್ಬರೂ ಏಕಕಾಲಕ್ಕೆ ಸಿದ್ಧರಾಗಿದ್ದ ಅಪರೂಪದ ಮುಹೂರ್ತದಲ್ಲಿ ನಾನು ಕೀಲಿ ತಿರುಗಿಸಿದರೆ, ಕಾರು ಹಲ್ಲಿ ಲೊಚಗುಟ್ಟುವಂತೆ ‘ಟಿಕ್ ಟಿಕ್ ಟಿಕ್’ ಎಂದು ಸುಮ್ಮನಾಯಿತು. ಎರಡನೆಯ ಮಹಡಿಯ ಶೆಟ್ಟರು ತಮ್ಮ ಕಾರನ್ನು ಮೂಗಿಗೆ ಮೂಗು ತಾಗುವಂತೆ ತಂದು ನಿಲ್ಲಿಸಿದರು. ಕೆಂಪು ತಂತಿಯನ್ನು ಸತ್ತ ಬ್ಯಾಟರಿಯ ಧನಧ್ರುವಕ್ಕೆ, ಅದರ ಇನ್ನೊಂದು ತುದಿಯನ್ನು ಬದುಕಿದ ಬ್ಯಾಟರಿಯ ಧನಕ್ಕೆ, ಕಪ್ಪು ತಂತಿಯನ್ನು ಬದುಕಿದ್ದರ ಋಣಧ್ರುವಕ್ಕೆ, ಕಡೆಯ ತುದಿಯನ್ನು ನಮ್ಮ ಎಂಜಿನ್ನಿನ ಬರಿಯ ಲೋಹಕ್ಕೆ ಸಿಕ್ಕಿಸಬೇಕೆಂಬ ಕ್ರಮವನ್ನು ಮಗಳು ಮೊಬೈಲು ನೋಡಿ ಪುರೋಹಿತರಂತೆ ಹೇಳಿಕೊಟ್ಟಳು. ಕಡೆಯದನ್ನು ಬ್ಯಾಟರಿಯ ಮೇಲೆಯೇ ಏಕೆ ಹಾಕಬಾರದೆಂದರೆ, ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ನಿಗೆ ಕಿಡಿ ತಗಲಬಾರದಂತೆ. ಕಾರು ಎದ್ದಿತು.

ಹಾದಿಯಲ್ಲಿ ಬ್ಯಾಟರಿ ಅಂಗಡಿಯ ಹುಡುಗನೊಬ್ಬ ತನ್ನ ಯಂತ್ರವನ್ನು ಎರಡು ಸೆಕೆಂಡು ಹಿಡಿದು ‘ಗಯಾ’ ಎಂದು ಮರಣಪತ್ರ ಬರೆದೇಬಿಟ್ಟ. ಹಳೆಯದನ್ನು ಕೊಟ್ಟು, ಮೇಲೆ ನಾಲ್ಕೂವರೆ ಸಾವಿರ ರೂಪಾಯಿ ತೆತ್ತು ಹೊಸದನ್ನು ಕೂರಿಸಿಕೊಂಡು ಬಂದೆ. ಮುಂದಿನ ಭಾನುವಾರ ಹೊಸ ಬ್ಯಾಟರಿಗೆ ‘ಟಿಕ್’ ಎನ್ನುವಷ್ಟೂ ತ್ರಾಣವಿರಲಿಲ್ಲ.

ನಿಂತ ಕಾರು ಕರೆಂಟು ತಿನ್ನುತ್ತಿದೆ ಎಂಬ ಸುದ್ದಿ ಕಟ್ಟಡದಲ್ಲಿ ಹರಡಿದ ಮೇಲೆ ನನಗೆ ಸಲಹೆಯ ಬರ ಬರಲಿಲ್ಲ. ಶೆಟ್ಟರು, “ಇದು ಇಲಿಯದ್ದೇ ಕೆಲಸ ಮಾರಾಯ್ರೆ, ವಯರು ತಿಂದಿರ್ತದೆ” ಎಂದು ಬಾನೆಟ್ಟಿನೊಳಗೆ ಹೊಗೆಸೊಪ್ಪು ಇಡಿಸಿದರು. ಅದರ ಫಲವಾಗಿ ಕಾರಿನ ಏಸಿ ಹಾಕಿದೊಡನೆ ಮುದುಕರ ಮಜಲಿಸಿನ ವಾಸನೆ ಬರತೊಡಗಿತೇ ಹೊರತು ಬ್ಯಾಟರಿ ಉಳಿಯಲಿಲ್ಲ. ಇನ್ನೊಬ್ಬರು ಭಾನುವಾರ ರಾತ್ರಿ ಬ್ಯಾಟರಿಯ ಋಣದ ತಂತಿಯನ್ನು ಬಿಚ್ಚಿಟ್ಟುಬಿಡಲು ಹೇಳಿದರು. ಹತ್ತರ ಪಾನಾ (ಸ್ಪ್ಯಾನರು) ಒಂದಿದ್ದರೆ ಎರಡು ನಿಮಿಷದ ಕೆಲಸ. ನಿಜವಾಗಿ ಗುಣವಾದ ಮದ್ದೂ ಅದೊಂದೇ. ಆದರೆ ಜೋಡಿಸಿದಾಗಲೆಲ್ಲ ಗಡಿಯಾರ ಹೊಸದಾಗಿ ಹುಟ್ಟುತ್ತಿತ್ತು, ರೇಡಿಯೋ ತನ್ನ ಕೇಂದ್ರಗಳನ್ನು ಮರೆಯುತ್ತಿತ್ತು. ಕಾರಿನ ಗಡಿಯಾರವನ್ನು ಸರಿಪಡಿಸುವುದಕ್ಕೆ ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕೆಂಬುದು ವಾರದಿಂದ ವಾರಕ್ಕೆ ನೆನಪಿರುವ ವಿದ್ಯೆಯಲ್ಲ. ಎರಡು ವಾರ ಈ ಸಂಸಾರ ನೋಡಿದ ಮಡದಿ, “ರೋಗ ಏನೂಂತ ನೋಡದೆ ದಿನಾ ರೋಗಿಯ ತಲೆ ಬಿಚ್ಚಿಡೋದು ಯಾವ ವೈದ್ಯ?” ಎಂದು ಕೇಳಿದ ಮೇಲೆ ಪಾನಾ ಡಬ್ಬಿಗೆ ಸೇರಿತು.

ಹೀಗಾಗಿ ನಾನು ವಿದ್ಯುತ್ ಸಾಮಾನಿನ ಪೇಟೆಯಾದ ಲೋಹಾರ್ ಚಾಳಿನಿಂದ ವೋಲ್ಟು, ಆಂಪಿಯರು ಅಳೆಯುವ ಒಂದು ಮಲ್ಟಿಮೀಟರನ್ನು ಕೊಂಡುತಂದು ಪ್ರತಿರಾತ್ರಿ ಜ್ವರ ನೋಡುವವನಂತೆ ವೋಲ್ಟೇಜು ನೋಡತೊಡಗಿದೆ. ಎರಡು ವೋಲ್ಟಿಗೆ ತುಸು ಮೇಲಿನ ಆರು ಕೋಶಗಳ ಈ ಸೀಸ-ಆಮ್ಲದ ಬ್ಯಾಟರಿಗೆ ಹೊಟ್ಟೆ ತುಂಬಿದ್ದರೆ 12.6 ವೋಲ್ಟು, ಅರೆಹೊಟ್ಟೆಯಾದರೆ ಸುಮಾರು 12.2, ಹನ್ನೆರಡಕ್ಕಿಂತ ಕೆಳಗಿಳಿದರೆ ಉಪವಾಸವೆಂದೇ ಲೆಕ್ಕ. ರಾತ್ರಿಯ ಊಟವಾದ ಮೇಲೆ ಲುಂಗಿ ಬನಿಯನ್ನಿನಲ್ಲಿ ಟಾರ್ಚು ಹಿಡಿದು ಕೆಳಗಿಳಿದು, ಬಾಗಿಲು ತೆಗೆದು, ಬಾನೆಟ್ಟು ಎತ್ತಿ, ಅಂಕಿಯನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಭಾನುವಾರ 12.6, ಮಂಗಳವಾರ 12.4, ಗುರುವಾರ 12.1. ರೋಗಿ ಇಳಿಮುಖನಾಗಿದ್ದಾನೆ ಎಂಬುದು ಸಾಬೀತಾಯಿತು. ಅದು ನನಗೆ ಮೊದಲೇ ಗೊತ್ತಿತ್ತು.

ಎಷ್ಟು ಕರೆಂಟು ಸೋರುತ್ತಿದೆ ಎಂಬುದನ್ನು ಅಳೆಯಲು ಹೊರಟಾಗ ನನ್ನ ವಿದ್ಯೆಯ ಆಳ ತಿಳಿಯಿತು. ಮೀಟರನ್ನು ಆಂಪಿಯರಿಗೆ ತಿರುಗಿಸಿ, ವೋಲ್ಟೇಜು ನೋಡುತ್ತಿದ್ದ ಅಭ್ಯಾಸಬಲದಿಂದ ಎರಡೂ ಕಡ್ಡಿಗಳನ್ನು ಬ್ಯಾಟರಿಯ ಎರಡು ಧ್ರುವಗಳಿಗೆ ಮುಟ್ಟಿಸಿದೆ. ‘ಚಟ್’ ಎಂದು ದೀಪಾವಳಿಯ ಕಿಡಿಯೊಂದು ಹಾರಿ, ಮೀಟರಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಬಂದು, ಅದರ ಗಾಜು ಖಾಲಿಯಾಯಿತು. ಮೇಲಿನ ಗ್ಯಾಲರಿಯಿಂದ ಇದನ್ನು ನೋಡುತ್ತಿದ್ದವರು ನಾಲ್ಕನೆಯ ಮಹಡಿಯ ಕಾಕಾ. ಧಾರವಾಡದ ಕಡೆಯವರು, ಲೋಕಲ್ ರೈಲುಗಳನ್ನು ದುರಸ್ತಿ ಮಾಡುವ ಕುರ್ಲಾದ ಕಾರ್‌ಶೆಡ್ಡಿನಲ್ಲಿ ಆಯುಷ್ಯವನ್ನೆಲ್ಲ ಕಳೆದು ನಿವೃತ್ತರಾದವರು. ಮುಂಬಯಿಯಲ್ಲಿ 1925ರಲ್ಲಿ ವಿದ್ಯುತ್ ರೈಲು ಓಡತೊಡಗಿದ್ದು 1500 ವೋಲ್ಟಿನ ನೇರ ವಿದ್ಯುತ್ತಿನಲ್ಲಿ; ಅದನ್ನು 25,000 ವೋಲ್ಟಿಗೆ ಬದಲಿಸುವ ಕೆಲಸದ ಗಡಿಬಿಡಿಯನ್ನೂ ಉಂಡು ಬಂದ ಕಾಕಾರಿಗೆ ಹನ್ನೆರಡು ವೋಲ್ಟೆಂದರೆ ಮೊಮ್ಮಕ್ಕಳ ಆಟಿಗೆಯ ಸಮಾನ.

“ಅಲ್ಲೋ ತಮ್ಮಾ,” ಎಂದರು ಕೆಳಗಿಳಿದು ಬಂದು, “ಸ್ಟೇಷನ್ನಿನಾಗ ಎಷ್ಟು ಮಂದಿ ಹಾಯ್ತಾರ ಅಂತ ಎಣಿಸೋದಿದ್ರ ಬ್ರಿಜ್ಜಿನ ಬಾಯಾಗ ನಿಂದರಬೇಕು. ನೀ ಪ್ಲಾಟ್‌ಫಾರ್ಮಿಗೂ ರೋಡಿಗೂ ನಡುವ ಗ್ವಾಡಿ ಒಡದು ಹೊಸಾ ದಾರಿ ಮಾಡಿದಿ. ಮಂದಿ ನುಗ್ಗಿ ಬಂದು ನಿನ್ನ ತುಳಿದ್ರು.”

ಡೊಂಬಿವಲಿಯ ಸೇತುವೆಯಲ್ಲಿ ದಿನವೂ ತುಳಿಸಿಕೊಳ್ಳುವವನಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿರಲಿಲ್ಲ. ಆಂಪಿಯರು ಅಳೆಯಬೇಕಾದರೆ ಋಣದ ತಂತಿಯನ್ನು ಕಳಚಿ, ಆ ತಂತಿಗೂ ಬ್ಯಾಟರಿಯ ಧ್ರುವಕ್ಕೂ ನಡುವೆ ಮೀಟರನ್ನು ಕೂರಿಸಿ, ಹೋಗುವ ಕರೆಂಟೆಲ್ಲ ಅದರ ಮೂಲಕವೇ ಹೋಗುವಂತೆ ಮಾಡಬೇಕು.

ಮರುದಿನ ಭಾನುವಾರ. ಮಾಟುಂಗಾವನ್ನು ಕೈಬಿಟ್ಟು, ಶೆಟ್ಟರ ಕಾರಿನಿಂದ ಪ್ರಾಣದಾನ ಪಡೆದು, ಒಂದು ಗಂಟೆ ಕಲ್ಯಾಣದ ಕಡೆ ಸುತ್ತಾಡಿಸಿ ತಂದು, ಕಾಕಾರ ಹಳೆಯ ಮೀಟರನ್ನು ಕಟ್ಟಿದೆವು. ಚಾಲಕನ ಬಾಗಿಲು ತೆರೆದಿದ್ದರೂ ಮುಚ್ಚಿದೆಯೆಂದು ಕಾರು ನಂಬುವಂತೆ ಅದರ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮಡಚಿದ ಕಾಕಾ, “ಈಗ ಮಲಕೋತದ, ಗದ್ದಲಾ ಮಾಡಬ್ಯಾಡ್ರಿ” ಎಂದರು. ಇಂದಿನ ಕಾರುಗಳು ಬೀಗ ಹಾಕಿದ ಕೂಡಲೇ ನಿದ್ದೆ ಹೋಗುವುದಿಲ್ಲ. ಒಳಗಿನ ಹತ್ತಾರು ಪೆಟ್ಟಿಗೆಗಳು ಒಂದೊಂದಾಗಿ ಕಣ್ಣು ಮುಚ್ಚುವುದಕ್ಕೆ ಕೆಲವೊಮ್ಮೆ ಅರ್ಧ ಗಂಟೆಯೂ ಹಿಡಿಯುತ್ತದೆ. ಮೊದಲು ಎರಡು ಆಂಪಿಯರಿನ ಮೇಲೆ ತೋರಿಸಿದ ಮೀಟರು ಮೆಟ್ಟಿಲಿಳಿಯುತ್ತಾ ಬಂದು 0.18ರಲ್ಲಿ ಕುಳಿತಿತು. ಗಡಿಯಾರ, ಕಳ್ಳಗಂಟೆ ಮೊದಲಾದವುಗಳಿಗೆ 0.05 ಆಂಪಿಯರಿನೊಳಗೆ ಸಾಕು. ಅದು ಸಂಸಾರಸ್ಥನ ಖರ್ಚು. 0.18 ಎಂದರೆ ದಿನಕ್ಕೆ ನಾಲ್ಕು ಆಂಪಿಯರ್-ಗಂಟೆಗೂ ಹೆಚ್ಚು, ಆರು ದಿನಕ್ಕೆ ಇಪ್ಪತ್ತಾರು. ನಮ್ಮ ಬ್ಯಾಟರಿಯ ಒಟ್ಟು ಆಸ್ತಿಯೇ 35. ಇದರ ಮೇಲೆ ಹೀಗೆ ಮತ್ತೆ ಮತ್ತೆ ಬರಿದಾದ ಬ್ಯಾಟರಿಯ ತಟ್ಟೆಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂತು, ಅದು ಎಷ್ಟು ಉಣಿಸಿದರೂ ಉಣ್ಣದ ಮಗುವಿನಂತಾಗುತ್ತದಂತೆ.

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆವು. ಯಾವುದನ್ನು ಕಿತ್ತರೂ ಅಲುಗದ ಅಂಕಿ, ಒಳದೀಪಗಳ ಫ್ಯೂಸನ್ನು ಕಿತ್ತೊಡನೆ 0.03ಕ್ಕೆ ಇಳಿಯಿತು. ನಾನು ಜಯಘೋಷ ಮಾಡಿದೆ. ತಲೆಯ ಮೇಲಿನ ದೀಪ ಆರಿರುವುದು ಕಾಣುತ್ತಿದ್ದುದರಿಂದ ಉಳಿದಿದ್ದು ಡಿಕ್ಕಿಯ ದೀಪವೊಂದೇ. ಮುಚ್ಚಿದ ಡಿಕ್ಕಿಯಲ್ಲಿ ದೀಪ ಉರಿಯುತ್ತಿದೆಯೋ ಇಲ್ಲವೋ ಎಂಬುದು ಹಳೆಯ ತರ್ಕಶಾಸ್ತ್ರದ ಪ್ರಶ್ನೆ; ಅದಕ್ಕೆ ಪ್ರತ್ಯಕ್ಷ ಪ್ರಮಾಣವೇ ಉತ್ತರವೆಂದು ನಿಶ್ಚಯಿಸಿ, ಫ್ಯೂಸನ್ನು ಮರಳಿ ಹಾಕಿ, ನಾನು ಮೊಣಕಾಲು ಮಡಚಿ ಡಿಕ್ಕಿಯೊಳಗೆ ಮಲಗಿ, ಮುಚ್ಚುವಂತೆ ಮಡದಿಗೆ ಹೇಳಿದೆ. ಅವಳು ಮುಚ್ಚಿದ ಉತ್ಸಾಹವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.

ದೀಪ ಆರಿತು. ಹೊಗೆಸೊಪ್ಪು ಮತ್ತು ಹಳೆಯ ಬೂದುಗುಂಬಳದ ಮಿಶ್ರಗಂಧದ ಕತ್ತಲೆಯಲ್ಲಿ, ಡಿಕ್ಕಿಯ ದೀಪ ನಿರಪರಾಧಿ ಎಂಬ ಸತ್ಯದೊಡನೆ ನಾನೊಬ್ಬನೇ ಉಳಿದೆ. “ತೆಗಿ” ಎಂದು ಕೂಗಿದರೆ ಉತ್ತರವಿಲ್ಲ. ಹೊರಗೆ ಸೊಸೈಟಿಯ ಸೆಕ್ರೆಟರಿ ಬಂದು, ಮೂರನೆಯ ಮಹಡಿಯ ಹುಡುಗನ ಸೈಕಲ್ಲು ಹಿಂದಿನ ರಾತ್ರಿ ಹತ್ತರ ಮೇಲೆ ಕಾಣೆಯಾಗಿದೆಯೆಂದೂ, ನಿಮ್ಮ ಯಜಮಾನರ ಕಾರಿನಲ್ಲಿ ಕ್ಯಾಮೆರಾ ಇದೆಯಲ್ಲವೇ ಎಂದೂ ವಿಚಾರಿಸುತ್ತಿದ್ದರಂತೆ. ಯಜಮಾನರು ಎಲ್ಲಿ ಎಂಬ ಪ್ರಶ್ನೆಗೆ ಮಡದಿ ತಡವರಿಸಿದಳಂತೆ. ಡಿಕ್ಕಿ ತೆರೆದಾಗ ಮೊದಲು ಕಂಡದ್ದು ಸೆಕ್ರೆಟರಿಯ ಮುಖ. ನಾನು ಮಲಗಿದ್ದಲ್ಲಿಂದಲೇ ನಮಸ್ಕಾರ ಮಾಡಿದೆ. ಮಗಳು, “ಅಪ್ಪಾ, ಮೊಬೈಲಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟಿದ್ರೆ ಸಾಕಿತ್ತು” ಎಂದಳು. ಇಂಥ ಮಾತುಗಳು ಈ ಪೀಳಿಗೆಗೆ ಯಾವಾಗಲೂ ಹತ್ತು ನಿಮಿಷ ತಡವಾಗಿಯೇ ಹೊಳೆಯುತ್ತವೆ.

ಅಷ್ಟರಲ್ಲಿ ಕಾಕಾ ಕಾರಿನ ಮುಂದೆ ಮೀಟರಿಗೆ ಮುಖವಿಟ್ಟು ಅಲುಗಾಡದೆ ನಿಂತಿದ್ದರು. ಕಾರನ್ನು ಮತ್ತೆ ಮಲಗಿಸಿಯಾಗಿತ್ತು. “ಇಲ್ಲಿ ನೋಡಿಲ್ಲೆ,” ಎಂದರು. ಯಾರೂ ಅಲುಗದಿದ್ದರೆ 0.18. ಲಿಫ್ಟಿನಿಂದ ಯಾರೋ ಹೊರಬಂದರು: 0.40. ಅವರು ಹೋಗಿ ಕೆಲವು ಹೊತ್ತಾದ ಮೇಲೆ ಮತ್ತೆ 0.18. ವಾಚ್‌ಮನ್ ಚಹಾ ತಂದ: 0.40. ನಾನು ಮೀಟರು ಕೆಟ್ಟಿದೆ ಎಂದೆ. ಶೆಟ್ಟರು ಇಲಿ ಎಂದರು. ಮಗಳು ಮಾತನಾಡದೆ ಗಾಜಿನ ಮುಂದೆ ಹೋಗಿ ಕೈ ಬೀಸಿದಳು. ಅಂಕಿ ಏರಿತು. ಕನ್ನಡಿಯ ಹಿಂದೆ ಅಡಗಿದ್ದ ಕ್ಯಾಮೆರಾದಲ್ಲಿ ಸಾಸಿವೆಯಷ್ಟು ಕೆಂಪು ದೀಪ ಮಿನುಗಿತು.

ಆ ಕ್ಯಾಮೆರಾವನ್ನು ಕೂರಿಸಿದವನು ಅದಕ್ಕೆ ಕೀಲಿ ತೆಗೆದಾಗ ಆರುವ ತಂತಿಯಿಂದ ಕರೆಂಟು ಕೊಟ್ಟಿರಲಿಲ್ಲ. ಹಗಲಿರುಳು ಕಾವಲಿರಲೆಂಬ ನನ್ನ ಆಸೆಯಂತೆ, ಫ್ಯೂಸುಪೆಟ್ಟಿಗೆಯ ಹಿಂದೆ ಒಳದೀಪದ ತಂತಿಯ ಸಿಪ್ಪೆ ಸುಲಿದು, ಇನ್ನೊಂದನ್ನು ಹೊಸೆದು, ಕರಿಯ ಟೇಪು ಸುತ್ತಿದ್ದ. ಬ್ಯಾಟರಿ ಇಂತಿಷ್ಟು ವೋಲ್ಟಿಗಿಳಿದರೆ ತಾನಾಗಿ ಸಂಬಂಧ ಕಡಿದುಕೊಳ್ಳುವ ಕಿಟ್ಟು ಬೇರೆಯೇ ಸಿಗುತ್ತದೆ. ಅದಕ್ಕೆ ಹೆಚ್ಚು ದುಡ್ಡೇಕೆ ಎಂದು ಚೌಕಾಸಿ ಮಾಡಿದವನು ನಾನೇ ಎಂಬುದನ್ನು ಮಡದಿ ಸೆಕ್ರೆಟರಿಯವರ ಎದುರಿನಲ್ಲಿ ನೆನಪಿಸಿದಳು. ಕಾವಲಿಗಿಟ್ಟವನು ಕೂತಲ್ಲೇ ಕಣಜ ಖಾಲಿ ಮಾಡುತ್ತಿದ್ದ. ಅದೂ ಆರೂ ಮಹಡಿಯ ಜನ ಓಡಾಡುವ ಲಿಫ್ಟಿನ ಎದುರು ಕೂರಿಸಿದ್ದರಿಂದ ಅವನಿಗೆ ಕಣ್ಣು ಮುಚ್ಚಲು ಪುರುಸೊತ್ತೇ ಇರಲಿಲ್ಲ.

ಕಾಕಾ ಟೇಪು ಬಿಚ್ಚಿ ತಂತಿಯನ್ನು ಬೇರ್ಪಡಿಸಿದರು. ಮೀಟರು 0.03ರಲ್ಲಿ ನಿಂತಿತು; ಲಿಫ್ಟಿನಿಂದ ಮದುವೆಯ ದಿಬ್ಬಣವೇ ಇಳಿದುಬಂದರೂ ಅಲುಗದಂತೆ ನಿಂತಿತು.

ಸೆಕ್ರೆಟರಿಯವರು ಮಾತ್ರ ಸೈಕಲ್ಲನ್ನು ಮರೆತಿರಲಿಲ್ಲ. ಕ್ಯಾಮೆರಾದ ಕಾರ್ಡನ್ನು ತೆಗೆದು, ನಮ್ಮ ಮನೆಯ ಕಂಪ್ಯೂಟರಿಗೆ ಹಾಕಿ, ಕಾಫಿಯೊಡನೆ ಎಲ್ಲರೂ ಕುಳಿತೆವು. ಸೋಮವಾರ ರಾತ್ರಿ: ಬನಿಯನ್ನು, ಲುಂಗಿ, ಕೈಯಲ್ಲಿ ಟಾರ್ಚು ಹಿಡಿದ ಆಕೃತಿಯೊಂದು ಕಳ್ಳಹೆಜ್ಜೆಯಲ್ಲಿ ಬಂದು ಕಾರಿನ ಮೇಲೆ ಬಾಗಿತು. ಮಂಗಳವಾರ ರಾತ್ರಿ: ಅದೇ ಆಕೃತಿ. ಬುಧವಾರ, ಗುರುವಾರ, ಶುಕ್ರವಾರ: ಅದೇ. ಶನಿವಾರ 9.40ಕ್ಕೆ ಅದು ಬಂದು, ಚಾಲಕನ ಬಾಗಿಲು ತೆಗೆದು, ಬಾನೆಟ್ಟು ಎತ್ತಿದ್ದೇ ತಡ ಚಿತ್ರ ಕಪ್ಪಾಯಿತು. ಬ್ಯಾಟರಿಯ ಕಡೆಯ ತೊಟ್ಟು ದೀಪಾವಳಿಯ ಆ ಕಿಡಿಗೆ ಖರ್ಚಾಗಿತ್ತು. ಆಮೇಲೆ ಏನೂ ಇರಲಿಲ್ಲ.

ಟಾರ್ಚಿನ ಬೆಳಕು ಗಾಜಿಗೆ ಹೊಡೆದು ಒಂದರಲ್ಲೂ ಮುಖ ಕಾಣುತ್ತಿರಲಿಲ್ಲ. ಸೆಕ್ರೆಟರಿಯವರು ಕನ್ನಡಕ ಸರಿಪಡಿಸಿಕೊಂಡು ಮುಂದಕ್ಕೆ ಬಾಗಿ, ವಾರವಿಡೀ ಹೊಂಚುಹಾಕಿ ಕೊನೆಗೆ ಕ್ಯಾಮೆರಾವನ್ನೂ ಆರಿಸಿದ ಈ ಮನುಷ್ಯ ಹೊರಗಿನವನಲ್ಲ, ಕಟ್ಟಡದವನೇ ಇರಬೇಕು ಎಂದರು. ಮಡದಿ ಕಾಫಿಯ ಲೋಟಗಳನ್ನು ಎತ್ತಿಕೊಂಡು ಬೇಗನೆ ಒಳಗೆ ಹೋದಳು. ಬಾಗಿಲ ಬಳಿ ನಿಂತಿದ್ದ ವಾಚ್‌ಮನ್ ಪರದೆಯ ಮೇಲಿನ ಲುಂಗಿಯ ಚೌಕಳಿಯನ್ನು ಒಮ್ಮೆ ನೋಡಿ, ನಮ್ಮ ಗ್ಯಾಲರಿಯಲ್ಲಿ ಒಣಗುತ್ತಿದ್ದುದನ್ನು ಒಮ್ಮೆ ನೋಡಿ, ಏನೋ ಹೇಳಲೆಂದು ಬಾಯಿ ತೆರೆದ.