ಬ್ಯಾಗ್ ತುಂಬಿಸೋದಕ್ಕೆ ಮೊದಲು ಕೈ ಪಳಗಲಿ

ತುರ್ತು ಪರಿಸ್ಥಿತಿಗೆ ಸಿದ್ಧತೆ ಅಂದ ಕೂಡಲೇ ಮಾತು ಶುರುವಾಗೋದು ಸಾಮಾನಿನ ಪಟ್ಟಿಯಿಂದ. ಟಾರ್ಚ್, ಪವರ್ ಬ್ಯಾಂಕ್, ಸೀಟಿ, ಹಗ್ಗ, ಬಗೆಬಗೆಯ ಚಾಕು. ಇವು ಬೇಡ ಅಂತ ನಾನು ಹೇಳಲ್ಲ, ಇರಲಿ. ಆದರೆ ಪ್ರಥಮ ಚಿಕಿತ್ಸೆ ತರಬೇತಿಗಳಲ್ಲಿ ಸ್ವಯಂಸೇವಕನಾಗಿ ಓಡಾಡ್ತಾ ಓಡಾಡ್ತಾ ನನಗೆ ಖಾತ್ರಿಯಾಗಿರೋ ಸಂಗತಿ ಬೇರೆ. ಓದಿದ್ದು, ವಿಡಿಯೊದಲ್ಲಿ ನೋಡಿದ್ದು ಆ ಗಳಿಗೆಯಲ್ಲಿ ತಲೆಗೆ ಹೊಳೆಯೋದೇ ಕಷ್ಟ. ಮೊದಲೇ ನಾಲ್ಕು ಸಲ ಮಾಡಿದ್ದರೆ ಮಾತ್ರ ಕೈ ತಾನಾಗಿ ಮುಂದೆ ಹೋಗುತ್ತೆ.

ಹೃದಯ ಸ್ತಂಭನವನ್ನೇ ತಗೊಳ್ಳಿ. ಎದೆ ಒತ್ತಬೇಕು ಅನ್ನೋದು ಈಗ ಬಹಳ ಜನಕ್ಕೆ ಗೊತ್ತು. ಎದೆಯ ನಡುಭಾಗದಲ್ಲಿ, ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗಾದರೆ 5ರಿಂದ 6 ಸೆಂಟಿಮೀಟರ್ ಆಳ. ಇಷ್ಟನ್ನು ಬಾಯಿಪಾಠ ಹೇಳಿದವರನ್ನೇ ತರಬೇತಿ ಗೊಂಬೆಯ ಮುಂದೆ ಕೂರಿಸಿ ನೋಡಿ. ಮೊಣಕೈ ಮಡಚಿಬಿಡ್ತಾರೆ. ಭುಜದ ಭಾರ ಕೆಳಗೆ ಇಳಿಯೋದೇ ಇಲ್ಲ, ಬರೀ ತೋಳಿನ ಬಲದಲ್ಲಿ ಒತ್ತುತ್ತಾರೆ. ಪಕ್ಕೆಲುಬು ಮುರಿದೀತು ಅನ್ನೋ ಅಳುಕಿಗೆ ಮೇಲುಮೇಲೆ ಒತ್ತಿ ಬಿಡ್ತಾರೆ. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಆಗಲೇ ಹೃದಯಕ್ಕೆ ಮತ್ತೆ ರಕ್ತ ತುಂಬೋದು, ಅದೂ ಮರೆತುಹೋಗುತ್ತೆ. ಎರಡು ನಿಮಿಷ ಆಗೋಷ್ಟರಲ್ಲಿ ಏದುಸಿರು. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಒತ್ತಲು ಕೂರಬೇಕು ಅಂತ ಹೇಳೋದು. ಅಂದರೆ ಗೊತ್ತಿರೋರು ಒಬ್ಬರು ಸಾಲಲ್ಲ.

ಇನ್ನೊಂದು ವಿಷಯ ಕಣ್ಣಾರೆ ನೋಡದವರಿಗೆ ಗೊತ್ತಾಗೋದೇ ಇಲ್ಲ. ಹೃದಯ ನಿಂತ ಮೇಲೂ ಕೆಲವರು ಆಗಾಗ ಬಾಯಿ ತೆರೆದು ಗೊರಗೊರ ಅಂತ ಉಸಿರೆಳೆದ ಹಾಗೆ ಮಾಡ್ತಾರೆ. ಸುತ್ತ ನಿಂತವರು "ಉಸಿರಾಡ್ತಿದ್ದಾರೆ, ಮುಟ್ಟಬೇಡಿ" ಅಂತಾರೆ. ಅದು ಉಸಿರಾಟ ಅಲ್ಲ. ಕರೆದರೂ ಅಲ್ಲಾಡಿಸಿದರೂ ಎಚ್ಚರ ಇಲ್ಲ, ಉಸಿರು ಸಹಜವಾಗಿಲ್ಲ ಅಂದರೆ ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಬೇಕು, ಇನ್ನೊಬ್ಬರು ಒತ್ತಲು ಶುರು ಮಾಡಲೇಬೇಕು. ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇಕಡಾ 7ರಿಂದ 10ರಷ್ಟು ಕುಗ್ಗುತ್ತಾ ಹೋಗುತ್ತೆ. ಆಂಬುಲೆನ್ಸ್ ಎಷ್ಟೇ ಬೇಗ ಬಂದರೂ ಮೊದಲ ಐದು ನಿಮಿಷ ಪಕ್ಕದಲ್ಲಿದ್ದವರದ್ದೇ.

ರಕ್ತಸ್ರಾವದಲ್ಲೂ ಇದೇ ಕಥೆ. ಬಟ್ಟೆ ಇಟ್ಟು ಒತ್ತುತ್ತಾರೆ, ಆದರೆ ಅರ್ಧ ನಿಮಿಷಕ್ಕೊಮ್ಮೆ ಎತ್ತಿ "ನಿಂತಿತಾ" ಅಂತ ನೋಡ್ತಾರೆ. ಪ್ರತಿ ಸಲ ಎತ್ತಿದಾಗಲೂ ಆಗಷ್ಟೇ ಹೆಪ್ಪುಗಟ್ಟುತ್ತಿದ್ದದ್ದು ಕಿತ್ತುಬರುತ್ತೆ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ, ಮೈಭಾರ ಹಾಕಿ ಒತ್ತಿ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದೆ, ಒತ್ತಿದರೂ ನಿಲ್ತಿಲ್ಲ ಅಂದಾಗ ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲು ಬಿಟ್ಟು, ಅಗಲವಾದ ಪಟ್ಟಿಯಿಂದ ರಕ್ತ ನಿಲ್ಲೋವರೆಗೂ ಬಿಗಿಯಬೇಕು. ವೈರ್, ದಾರ ಬೇಡ, ಮಾಂಸ ಕತ್ತರಿಸುತ್ತೆ. ಬಿಗಿದ ಸಮಯ ಬರೆದಿಡಿ. ಬಿಚ್ಚೋದು ವೈದ್ಯರ ಕೆಲಸ. ಹಾವು ಕಚ್ಚಿದಾಗ ಮಾತ್ರ ಈ ಕಟ್ಟು ಕಟ್ಟಲೇಬಾರದು. ಕೊಯ್ಯಬಾರದು, ಹೀರಬಾರದು. ಕಚ್ಚಿದ ಭಾಗ ಅಲುಗಾಡದ ಹಾಗೆ ಇಟ್ಟು ಆಸ್ಪತ್ರೆಗೆ ಒಯ್ಯಿರಿ.

ಕಾಡಿನಲ್ಲಿ ಕೋಲು ಉಜ್ಜಿ ಬೆಂಕಿ ಹೊತ್ತಿಸೋ ವಿಡಿಯೊಗಳನ್ನು ಜನ ಇಷ್ಟಪಟ್ಟು ನೋಡ್ತಾರೆ. ಬೆಂಕಿ ಹೊತ್ತಿಸೋ ವಿದ್ಯೆಗಿಂತ ಬೆಂಕಿ ಆರಿಸೋ ವಿದ್ಯೆ ನಮಗೆ ಹೆಚ್ಚು ಬೇಕು ಅಂತ ನನ್ನ ಗಟ್ಟಿ ನಂಬಿಕೆ. ಬಾಣಲೆಯ ಎಣ್ಣೆ ಹತ್ತಿಕೊಂಡರೆ ನೀರು ಎರಚಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚಿ, ತಣ್ಣಗಾಗೋವರೆಗೂ ತೆಗೆಯಬೇಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕೋದೂ ಬೇಡ, ಆರಿಸೋದೂ ಬೇಡ, ಎರಡರಲ್ಲೂ ಕಿಡಿ ಹಾರುತ್ತೆ. ಕರೆಂಟ್ ಹೋದಾಗ ಜನರೇಟರ್ ಅಥವಾ ಇದ್ದಿಲ ಕೆಂಡ ಕೋಣೆಯೊಳಗೆ ತರಲೇಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ, ವಾಸನೆ ಎರಡೂ ಇಲ್ಲ, ಮಲಗಿದವರು ಏಳೋದೇ ಇಲ್ಲ. ಸುಟ್ಟ ಗಾಯಕ್ಕೆ ಪೇಸ್ಟೂ ಬೇಡ, ಐಸೂ ಬೇಡ. ಹರಿಯುವ ತಣ್ಣೀರು, 20 ನಿಮಿಷ.

ನೀರಿನ ವಿಷಯಕ್ಕೆ ಬಂದರೆ ನನಗೆ ಹೊಟ್ಟೆ ಉರಿಯುತ್ತೆ. ಒಬ್ಬರನ್ನು ಉಳಿಸಲು ಹಾರಿ ಇಬ್ಬರು, ಮೂವರು ಮುಳುಗಿದ ಸುದ್ದಿ ಪದೇ ಪದೇ ಬರುತ್ತೆ. ಮುಳುಗುತ್ತಿರುವವರು ಸಿಕ್ಕವರನ್ನು ಅಪ್ಪಿ ಕೆಳಗೆ ಎಳೀತಾರೆ, ಅದು ಅವರ ಕೈಯಲ್ಲಿಲ್ಲ. ದಡದಲ್ಲಿ ಬೋರಲು ಮಲಗಿ ಕೋಲು, ಟವೆಲ್, ಬೆಲ್ಟ್ ಏನಾದರೂ ಚಾಚಿ. ತೇಲುವ ಖಾಲಿ ಕ್ಯಾನ್ ಎಸೆಯಿರಿ. ಮುಳುಗುವವರು ಕೂಗಿಕೊಳ್ತಾರೆ ಅಂತ ಕಾಯಬೇಡಿ. ಬಾಯಿ ನೀರಿನ ಮಟ್ಟದಲ್ಲಿ ಇರೋವಾಗ ಎಷ್ಟೋ ಸಲ ಸದ್ದೇ ಬರಲ್ಲ. ಪ್ರವಾಹದ ನೀರನ್ನಂತೂ ಹಗುರವಾಗಿ ತಗೊಳ್ಳಲೇಬಾರದು. ರಭಸದ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರು ಆಯ ತಪ್ಪಿ ಬೀಳಬಹುದು, 60 ಸೆಂಟಿಮೀಟರ್ ಇದ್ದರೆ ಹೆಚ್ಚಿನ ವಾಹನಗಳೇ ಕೊಚ್ಚಿಹೋಗುತ್ತವೆ.

ಕುಡಿಯೋ ನೀರು ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಕನಿಷ್ಠ ಮೂರು ದಿನಕ್ಕೆ ಇರಲಿ. ಅನುಮಾನದ ನೀರನ್ನು ಕೊತಕೊತ ಕುದಿ ಬಂದ ಮೇಲೆ 1 ನಿಮಿಷ, 2,000 ಮೀಟರ್‌ಗಿಂತ ಎತ್ತರದ ಜಾಗದಲ್ಲಾದರೆ 3 ನಿಮಿಷ ಕುದಿಸಿ. ರಾಸಾಯನಿಕ ಬೆರೆತ ನೀರು ಕುದಿಸಿದರೂ ಶುದ್ಧವಾಗಲ್ಲ.

ಅಭ್ಯಾಸ ಏನು ಮಾಡಬಲ್ಲದು ಅನ್ನೋದಕ್ಕೆ ಜಪಾನಿನ ಕಾಮಾಯ್ಶಿ ನೋಡಿ. 2011ರ ಮಾರ್ಚ್ 11ರಂದು ಭೂಕಂಪ ಆದಾಗ ಅಲ್ಲಿನ ಹೈಸ್ಕೂಲ್ ವಯಸ್ಸಿನ ಮಕ್ಕಳು ಎತ್ತರದ ಜಾಗಕ್ಕೆ ಓಡಲು ಶುರು ಮಾಡಿದರು. ಅವರನ್ನು ನೋಡಿ ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಹೊರಟರು. ದೊಡ್ಡವರು ಚಿಕ್ಕವರ ಕೈ ಹಿಡಿದರು. ಮೊದಲು ಗೊತ್ತು ಮಾಡಿದ್ದ ಜಾಗ ಸಾಲದು ಅನ್ನಿಸಿದಾಗ ಅಲ್ಲೇ ನಿಲ್ಲದೆ ಇನ್ನೂ ಮೇಲೆ ಹತ್ತಿದರು. ಹಿಂದೆಯೇ ಸುನಾಮಿ ಬಂತು. ನಗರದ ಶಾಲಾಮಕ್ಕಳಲ್ಲಿ ಸುಮಾರು 3,000 ಮಂದಿ ಉಳಿದರು. ಅದಕ್ಕೆ ಮೊದಲಿನ ಹಲವು ವರ್ಷ ಅವರಿಗೆ ಅದನ್ನೇ ಕಲಿಸಿ ಓಡಿಸಿ ರೂಢಿ ಮಾಡಿಸಿದ್ದರು.

ಮನೆಯಲ್ಲೂ ಹಾಗೇ ಮಾಡಿ ನೋಡಿ ಅಂತ ಕೇಳ್ಕೋತೀನಿ. ರಾತ್ರಿ ದೀಪ ಆರಿಸಿ, ಮನೆಯ ಪ್ರತಿಯೊಬ್ಬರೂ ಸರದಿಯಲ್ಲಿ ಗ್ಯಾಸ್ ರೆಗ್ಯುಲೇಟರ್ ಮುಚ್ಚಲಿ, ಮೇನ್ ಸ್ವಿಚ್ ಹುಡುಕಲಿ. ಎಷ್ಟೋ ಮನೆಗಳಲ್ಲಿ ಇದು ಒಬ್ಬರಿಗೆ ಮಾತ್ರ ಗೊತ್ತು, ಕುಸಿದು ಬೀಳೋರು ಅವರೇ ಆಗಿರಬಹುದು. ಮಕ್ಕಳಿಗೆ ಎರಡು ಫೋನ್ ನಂಬರ್ ಬಾಯಿಗೆ ಬರಲಿ; ಮೊಬೈಲ್ ಸತ್ತರೆ ಅದರೊಳಗಿನ ನಂಬರೂ ಹೋಯಿತು. ಹಿರಿಯರ ಮಾತ್ರೆಗಳ ಹೆಸರು, ಪ್ರಮಾಣ ಬರೆದ ಚೀಟಿ ಬಾಗಿಲ ಹಿಂದೆ ಅಂಟಿಸಿ. ಹೊರಗೆ ಓಡಿದ ಮೇಲೆ ಎಲ್ಲಿ ಸೇರಬೇಕು ಅಂತ ಈಗಲೇ ಒಂದು ಜಾಗ ಗೊತ್ತು ಮಾಡಿ. ಕರೆ ಹೋಗದಿದ್ದಾಗ ಎಷ್ಟೋ ಸಲ ಎಸ್‌ಎಂಎಸ್ ಹೋಗುತ್ತೆ. ದೂರದಲ್ಲಿರೋ ಒಬ್ಬ ನೆಂಟರಿಗೆ ಎಲ್ಲರೂ ಮೆಸೇಜ್ ಹಾಕೋದು ಅಂತ ಮಾತಾಡಿಕೊಂಡರೆ, ಯಾರು ಎಲ್ಲಿದ್ದಾರೆ ಅಂತ ಅವರಿಂದಲೇ ಎಲ್ಲರಿಗೂ ತಿಳಿಯುತ್ತೆ.